ಕುರಿಮರಿ ಸತ್ತಿದೆಯೇ? ಮೊದಲು ಗೊರಸು ನೋಡಿ, ರೈಫಲ್ ಆಮೇಲೆ

ಆಗಸ್ಟ್ ಬಂತೆಂದರೆ ಇಲ್ಲಿ ಆಸ್ಟ್ರೇಲಿಯಾದಲ್ಲಿ ನನಗೆ ಇಂಥದೊಂದು ಫೋನು ತಪ್ಪಿದ್ದಲ್ಲ. "ಅಣ್ಣಾ, ರಾತ್ರಿ ಎರಡು ಮರಿ ಹೋದವು. ನರೀದೇ ಕೆಲಸ. ಯಾವ ರೈಫಲ್ ತಗೊಳ್ಲಿ ಹೇಳಿ." ಹೋದ ವರ್ಷ ಹೀಗೆ ಕೇಳಿದವನು ಹಾಸನದ ಕಡೆಯ ಹುಡುಗ. ಮೆಲ್ಬರ್ನಿನಲ್ಲಿ ಸಾಫ್ಟ್‌ವೇರ್ ಕೆಲಸ. ವಿಕ್ಟೋರಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿ ಅರವತ್ತು ಎಕರೆ ಹುಲ್ಲುಗಾವಲು ಕೊಂಡು ಕುರಿ ಬಿಟ್ಟಿದ್ದಾನೆ. "ಅಂಗಡಿಗೆ ಆಮೇಲೆ ಹೋಗುವೆಯಂತೆ. ಸತ್ತ ಮರಿಗಳನ್ನು ಎಸೀಬೇಡ, ನಾನೇ ಬರ್ತೀನಿ" ಅಂದೆ.

ಊರಿನ ಓದುಗರಿಗೆ ಇಲ್ಲೇ ಒಂದು ಮಾತು. ನಮ್ಮಲ್ಲಿ ಸಂಜೆ ಊಳಿಡುವುದನ್ನೂ ನರಿ ಎನ್ನುತ್ತೇವೆ, ಬಯಲುಸೀಮೆಯ ಬಡಕಲು ಗುಳ್ಳೆನರಿಯನ್ನೂ ನರಿ ಎನ್ನುತ್ತೇವೆ. ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇದೆ ಎಂದು ಅವುಗಳ ಮೇಲೆ ಈಡು ಹೊಡೆದರೆ ಕೇಸು ಬೀಳುತ್ತದೆ. ಹಾಗಾಗಿ ಕರ್ನಾಟಕದ ಕುರಿಗಾಹಿಗಳು ಮರಿ ಪರೀಕ್ಷೆ ಮತ್ತು ಕಾವಲು ನಾಯಿಯ ಭಾಗ ಓದಿಕೊಂಡು, ರೈಫಲ್ ವಿಷಯ ಬಂದಾಗ ಪುಟ ಮಡಚಬಹುದು. ಆಸ್ಟ್ರೇಲಿಯಾದ ಕತೆ ಬೇರೆ. ಇಲ್ಲಿರುವುದು ಯುರೋಪಿನ ಕೆಂಪು ನರಿ. ಕುದುರೆ ಹತ್ತಿ, ನಾಯಿ ಬಿಟ್ಟು ಬೇಟೆಯಾಡುವ ಶೋಕಿಗಾಗಿ 19ನೇ ಶತಮಾನದ ನಡುವಿನಲ್ಲಿ ಇಂಗ್ಲಿಷರು ಹಡಗಿನಲ್ಲಿ ತಂದು ಬಿಟ್ಟದ್ದು. 1870ರ ದಶಕದ ಹೊತ್ತಿಗೆ ವಿಕ್ಟೋರಿಯಾದಲ್ಲಿ ಬೇರೂರಿತು. ಹೀಗೇ ತಂದುಬಿಟ್ಟಿದ್ದ ಮೊಲಗಳ ಬೆನ್ನು ಹಿಡಿದು, ಉತ್ತರದ ಉಷ್ಣವಲಯ ಮತ್ತು ಟಾಸ್ಮೇನಿಯಾ ಬಿಟ್ಟು ಉಳಿದೆಡೆಯೆಲ್ಲ ಹಬ್ಬಿತು. ಕಾನೂನಿನ ಕಣ್ಣಲ್ಲಿ ಇಲ್ಲಿ ಅದು ಪೀಡೆ.

ಸತ್ತ ಮರಿ ಏನು ಹೇಳುತ್ತದೆ

ಕೈಗವಸು, ಹರಿತವಾದ ಚಾಕು, ಒಂದು ಬಕೆಟ್ ನೀರು ಸಾಕು. ಮೊದಲನೆಯ ಮರಿಯ ಗೊರಸಿನ ತುದಿಯಲ್ಲಿ ಹಳದಿ ಮೇಣದಂಥ ಮೆತ್ತನೆಯ ಪೊರೆ ಹಾಗೇ ಇತ್ತು. ಹುಟ್ಟಿದ ಮರಿ ಎದ್ದು ಸ್ವಲ್ಪ ಓಡಾಡಿದರೂ ಸವೆದುಹೋಗುವ ಪೊರೆ ಅದು. ಅಂದರೆ ಈ ಮರಿ ಎದ್ದೇ ಇಲ್ಲ. ಎದೆ ಕೊಯ್ದು ಶ್ವಾಸಕೋಶದ ಒಂದು ಚೂರನ್ನು ನೀರಿಗೆ ಹಾಕಿದೆವು. ಸೀದಾ ತಳ ಸೇರಿತು. ಉಸಿರಾಡಿದ ಮರಿಯದಾಗಿದ್ದರೆ ಗುಲಾಬಿ ಬಣ್ಣವಿದ್ದು ತೇಲಬೇಕಿತ್ತು. ತಾಯಿಯ ಹೊಟ್ಟೆಯಲ್ಲೇ ಸತ್ತದ್ದನ್ನು ನರಿ ಬಂದು ತಿಂದಿತ್ತು, ಅಷ್ಟೆ.

ಎರಡನೆಯದರ ಗೊರಸು ಸವೆದಿತ್ತು, ಹೊಟ್ಟೆಯಲ್ಲಿ ಗಿಣ್ಣುಹಾಲು ಹೆಪ್ಪುಗಟ್ಟಿತ್ತು. ಕತ್ತಿನ ಚರ್ಮ ಸುಲಿದರೆ ಹಲ್ಲಿನ ತೂತುಗಳ ಸುತ್ತ ಒಳಗೆಲ್ಲ ರಕ್ತ ಕಂದಿ ಕಪ್ಪಾಗಿತ್ತು. ಸತ್ತ ಮೈಯನ್ನು ಕಚ್ಚಿದರೆ ಹೀಗೆ ಕಂದುವುದಿಲ್ಲ. ಇದು ನರಿಯದೇ ಕೆಲಸ. ಕಣ್ಣು, ನಾಲಿಗೆ ಮಾತ್ರ ಹೋಗಿದ್ದರೆ ಕಾಗೆಯ ಮೇಲೆ ಅನುಮಾನ ಪಡಿ.

ಈ ಪರೀಕ್ಷೆ ಮಾಡದೆ ಬಂದೂಕು ಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು. ಚಳಿಗಾಳಿ, ಹಾಲಿಲ್ಲದ ತಾಯಿ, ಅವಳಿಯಲ್ಲಿ ಒಂದನ್ನು ಬಿಟ್ಟುಹೋಗುವುದು, ಹೆರಿಗೆ ಕಷ್ಟವಾಗುವುದು: ಮರಿ ಸಾಯುವುದು ಹೆಚ್ಚಾಗಿ ಇವುಗಳಿಂದ. ಗಾಳಿಗೆ ಮರೆ ಕಟ್ಟಿ, ಅವಳಿ ಇರುವ ಕುರಿಗಳನ್ನು ಬೇರೆ ಮಾಡಿ ಚೆನ್ನಾಗಿ ಮೇಯಿಸಿದರೆ ಉಳಿಯುವ ಮರಿಗಳನ್ನು ಯಾವ ರೈಫಲ್ಲೂ ಉಳಿಸಲಾರದು.

ಒಬ್ಬರೇ ಹೊರಟರೆ ಆಗದು

ನರಿಗೆ ವರ್ಷಕ್ಕೆ ಒಂದೇ ಸೂಲು. ಇಲ್ಲಿನ ಚಳಿಗಾಲ, ಅಂದರೆ ಜೂನ್–ಜುಲೈ, ಅದು ಜೋಡಿಯಾಗುವ ಕಾಲ. 52 ದಿನದ ಗರ್ಭ. ಆಗಸ್ಟ್–ಸೆಪ್ಟೆಂಬರಿನಲ್ಲಿ ನಾಲ್ಕೈದು ಮರಿ. ಅವು ಬೆಳೆದು ಬೇಸಿಗೆ ಕಳೆಯುತ್ತಲೇ ಹೊಸ ಜಾಗ ಹುಡುಕಿಕೊಂಡು ಹೊರಡುತ್ತವೆ. ನಿಮ್ಮ ಪ್ಯಾಡಕ್ಕಿನಲ್ಲಿ, ಅಂದರೆ ಬೇಲಿ ಹಾಕಿದ ಹುಲ್ಲುಗಾವಲಿನಲ್ಲಿ, ಎರಡು ನರಿ ಹೊಡೆದು ಜಾಗ ಖಾಲಿ ಮಾಡಿದರೆ, ಪಕ್ಕದ ಜಮೀನಿನ ಮೂರನೆಯದು ಬಂದು ಸೇರಿಕೊಳ್ಳುತ್ತದೆ. ಸುತ್ತಲಿನ ನಾಲ್ಕಾರು ಜಮೀನಿನವರು ಒಟ್ಟಿಗೆ, ಕುರಿ ಮರಿ ಹಾಕುವುದಕ್ಕೆ ನಾಲ್ಕೈದು ವಾರ ಮುಂಚೆ ಶುರುಮಾಡಿದರೆ ಮಾತ್ರ ಗುಣ ಕಾಣುವುದು.

ಹಾಗೆ ಸೇರಿದವರು ಹೆಚ್ಚಾಗಿ ಬಳಸುವುದು 1080 ಎಂಬ ವಿಷದ ಉಂಡೆ. ಸೋಡಿಯಂ ಫ್ಲೋರೋಅಸಿಟೇಟ್. ಇದೇ ಬಗೆಯ ವಿಷ ಪಶ್ಚಿಮ ಆಸ್ಟ್ರೇಲಿಯಾದ ಕೆಲವು ಕಾಡುಗಿಡಗಳಲ್ಲೇ ಇದೆ. ಅಲ್ಲಿನ ಎಷ್ಟೋ ಪ್ರಾಣಿಗಳು ಅದನ್ನು ತಾಳಿಕೊಳ್ಳುತ್ತವೆ. ನರಿ, ನಾಯಿ ತಾಳುವುದಿಲ್ಲ. ತರಬೇತಿ, ಅನುಮತಿ, ನೆರೆಯವರಿಗೆ ಮುಂಚಿತ ತಿಳಿವಳಿಕೆ, ಬೇಲಿಗೆ ಫಲಕ, ಎಲ್ಲ ಕಡ್ಡಾಯ. ಮನೆಯ ನಾಯಿ ತಿಂದರೆ ಮದ್ದಿಲ್ಲ. ನಾಯಿ ಸಾಕಿದ ಸಣ್ಣ ಹಿಡುವಳಿದಾರರಿಗೆ ನಾನು ಇದನ್ನು ಹೇಳುವುದಿಲ್ಲ.

ನಾನು ಹೇಳುವುದು ಮರೆಮ್ಮಾ ನಾಯಿ. ಇಟಲಿ ಮೂಲದ, ಬಿಳಿ ಕೂದಲಿನ ಕಾವಲು ತಳಿ. ಮರಿಯಾಗಿದ್ದಾಗಿನಿಂದ ಕುರಿಗಳ ಜೊತೆಗೇ ಬೆಳೆಸಿದರೆ ಮಂದೆಯನ್ನೇ ತನ್ನ ಮನೆ ಎಂದುಕೊಳ್ಳುತ್ತದೆ. ವಿಕ್ಟೋರಿಯಾದ ಕಡಲತೀರದ ವಾರ್ನಾಂಬೂಲ್ ಊರಿನ ಮಿಡಲ್ ಐಲ್ಯಾಂಡ್‌ನಲ್ಲಿ, ನೀರು ಇಳಿದಾಗ ನಡೆದೇ ದಾಟಿಬರುವ ನರಿಗಳು ಪುಟ್ಟ ಪೆಂಗ್ವಿನ್‌ಗಳನ್ನು ಕೊಂದು ಕೊಂದು, 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ. 2006ರಲ್ಲಿ ಕಾವಲಿಗೆ ಬಿಟ್ಟದ್ದು ಇದೇ ಮರೆಮ್ಮಾಗಳನ್ನು. ಪೆಂಗ್ವಿನ್ ಸಂಸಾರ ಮತ್ತೆ ಬೆಳೆಯಿತು.

ರೈಫಲ್ ಆಯುವುದು

ಇಷ್ಟೆಲ್ಲ ಮಾಡಿಯೂ ಒಂದೆರಡು ನರಿ ಮರಿ ಕದಿಯುವ ರುಚಿ ಹತ್ತಿಸಿಕೊಂಡಿರುತ್ತವೆ. ಬಂದೂಕು ಅವುಗಳಿಗೆ.

ಮೊದಲು ಕಾಗದಪತ್ರ. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ 35 ಜನ ಗುಂಡಿಗೆ ಬಲಿಯಾದ ಮೇಲೆ ಇಲ್ಲಿನ ಬಂದೂಕು ಕಾನೂನು ಬಿಗಿಯಾಯಿತು. ಸುರಕ್ಷತಾ ತರಬೇತಿ, ಲೈಸೆನ್ಸ್, ತಕ್ಕ ಕಾರಣ, ಪ್ರತಿ ಬಂದೂಕಿಗೂ ಬೇರೆ ಪರ್ಮಿಟ್, ಬೀಗದ ಉಕ್ಕಿನ ಪೆಟ್ಟಿಗೆ, ತೋಟಾಗಳಿಗೆ ಬೇರೆ ಜಾಗ. ತೋಟಾದ ಅಂಚಿಗೆ ಏಟು ಬಿದ್ದು ಸಿಡಿಯುವ ಸಣ್ಣ ರಿಮ್‌ಫೈರ್ ರೈಫಲ್ 'ಎ' ವರ್ಗ, ಒಂದೊಂದೇ ಈಡಿಗೆ ಬೋಲ್ಟ್ ಎಳೆಯುವ, ತೋಟಾದ ನಡುವಿಗೆ ಏಟು ಬೀಳುವ ಸೆಂಟರ್‌ಫೈರ್ 'ಬಿ' ವರ್ಗ. ತಾನೇ ತಾನಾಗಿ ತೋಟಾ ತುಂಬಿಕೊಳ್ಳುವಂಥದು ಸಾಮಾನ್ಯ ರೈತನ ಕೈಗೆ ಸುಲಭದಲ್ಲಿ ಸಿಗದು. ಮೊದಲ ಬಂದೂಕಿಗೆ 28 ದಿನ ಕಾಯುವುದೂ ಇದೆ. ನಮ್ಮ ಹಾಸನದ ಹುಡುಗನ ಪರ್ಮಿಟ್ ಬರುವಷ್ಟರಲ್ಲಿ ಅವನ ಕುರಿಗಳೆಲ್ಲ ಮರಿ ಹಾಕಿ ಮುಗಿಸಿದ್ದವು! ಆ ವರ್ಷಕ್ಕೆ ನೆರೆಯ ಅನುಭವಿ ರೈತರೊಬ್ಬರು ಬಂದು ಕೆಲಸ ಮುಗಿಸಿಕೊಟ್ಟರು. ಸ್ಪೋರ್ಟಿಂಗ್ ಶೂಟರ್ಸ್ ಅಸೋಸಿಯೇಷನ್ ಎಂಬ ಬಂದೂಕುಗಾರರ ಸಂಘದ ಫಾರ್ಮರ್ ಅಸಿಸ್ಟ್ ಯೋಜನೆಯಲ್ಲೂ ಇಂಥ ಸಹಾಯ ಸಿಗುತ್ತದೆ.

ಇನ್ನು ಕ್ಯಾಲಿಬರ್, ಅಂದರೆ ಇಂಚಿನ ಲೆಕ್ಕದಲ್ಲಿ ಹೇಳುವ ನಳಿಗೆಯ ಒಳ ಅಳತೆ. ಅಂಗಡಿಯವರನ್ನು ಕೇಳುವ ಮೊದಲು ನಿಮ್ಮ ಜಮೀನನ್ನು ಕೇಳಿ: ನರಿ ಎಷ್ಟು ದೂರದಲ್ಲಿ ಕಾಣುತ್ತದೆ, ಅದರ ಹಿಂದೆ ಏನಿದೆ? ನರಿ ದಪ್ಪ ಕೂದಲಿನಲ್ಲಿ ದೊಡ್ಡದಾಗಿ ಕಂಡರೂ ತೂಗುವುದು ನಾಲ್ಕರಿಂದ ಎಂಟು ಕಿಲೋ. ತಕ್ಷಣ ಸಾಯುವಂತೆ ಗುಂಡು ಬೀಳಬೇಕಾದ ಎದೆಯ ಜಾಗ ಒಂದು ಅಂಗೈಯಷ್ಟು.

ಹಳೆಯ .22 ಅಗ್ಗ, ಸದ್ದೂ ಕಡಿಮೆ. ಆದರೆ ಅದು ಮೊಲದ ಬಂದೂಕು. ಐವತ್ತು ಮೀಟರ್ ಆಚೆ ನರಿಯನ್ನು ಗಾಯಮಾಡಿ ಕಳಿಸುತ್ತದೆ. ಅದರ ಸೀಸದ ಗುಂಡು ಗಟ್ಟಿ ನೆಲಕ್ಕೆ ತಾಗಿ ಚಿಮ್ಮುವುದೂ ಹೆಚ್ಚು. .17 ಎಚ್‌ಎಂಆರ್ ಎಂಬ ಸಣ್ಣ ತೋಟಾದ ಗುಂಡು ನೇರವಾಗಿ ಹೋಗುತ್ತದೆ, ಆದರೆ ಗುಂಡಿನ ತೂಕ ಕೇವಲ 17 ಗ್ರೇನ್, ಅಂದರೆ ಒಂದು ಗ್ರಾಂ ಚಿಲ್ಲರೆ; ಈ ಬಯಲಿನ ಗಾಳಿ ಅದನ್ನು ಅತ್ತಿತ್ತ ತಳ್ಳಿಬಿಡುತ್ತದೆ. ಕೋಳಿಗೂಡಿನ ಬಳಿಯ ನರಿಗೆ ಸರಿ. ಬಿಲದಿಂದ ಹೊರಟು ಮೂವತ್ತು ಮೀಟರಿನಲ್ಲಿ ಓಡುವ ನರಿಗೆ ನಮ್ಮ ಮಲೆನಾಡಿನ ತೋಟೆಕೋವಿಯಂಥ 12 ಬೋರ್, ದಪ್ಪ ಚರೆ. ಅದಕ್ಕಿಂತ ದೂರಕ್ಕೆ ಬೇಡ.

ಒಂದೇ ರೈಫಲ್ ಕೊಳ್ಳುವುದಾದರೆ .223 ರೆಮಿಂಗ್ಟನ್, ಬೋಲ್ಟ್ ಆಕ್ಷನ್. 55 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 970 ಮೀಟರ್ ವೇಗದಲ್ಲಿ ಹೊರಡುತ್ತದೆ. ಇನ್ನೂರು ಮೀಟರ್‌ವರೆಗೆ ನಂಬಬಹುದು, ಭುಜಕ್ಕೆ ಒದೆತ ಕಡಿಮೆ, ತೋಟಾ ಎಲ್ಲೆಡೆ ಸಿಗುತ್ತದೆ. ನಳಿಗೆಯೊಳಗಿನ ಸುರುಳಿ ಗಮನಿಸಿ: 12 ಇಂಚಿಗೊಂದು ಸುತ್ತಿನ ಹಳೆಯ ನಳಿಗೆ ಹಗುರ ಗುಂಡಿಗೆ ಸಾಕು, 9 ಅಥವಾ 8 ಇಂಚಿಗೊಂದು ಸುತ್ತಿದ್ದರೆ ಭಾರದ ಗುಂಡೂ ನೆಟ್ಟಗೆ ಹೋಗುತ್ತದೆ. .22-250 ಇನ್ನೂ ವೇಗದ್ದು, ನಳಿಗೆ ಬೇಗ ಸವೆಯುತ್ತದೆ. 1955ರಲ್ಲಿ ಬಂದ .243 ವಿಂಚೆಸ್ಟರ್ ಜಿಂಕೆಗೂ ಆಗುವಂಥದು. ಅರವತ್ತು ಎಕರೆಯವನಿಗೆ ಅಷ್ಟು ಜೋರು ಯಾಕೆ? ಉಳಿದ ದುಡ್ಡನ್ನು ರೈಫಲ್ ಮೇಲೆ ಕೂರಿಸುವ ಒಳ್ಳೆಯ ದೂರದರ್ಶಕಕ್ಕೆ ಹಾಕಿ. ನೂರು ಮೀಟರಿನ ಗುರಿಹಲಗೆಯಲ್ಲಿ ಗುಂಡು ಒಂದೂವರೆ ಇಂಚು ಮೇಲೆ ಬೀಳುವಂತೆ ಹೊಂದಿಸಿಕೊಂಡರೆ ಇನ್ನೂರರ ಹತ್ತಿರ ಸರಿಯಾಗಿ ಗುರಿಗೇ ಬೀಳುತ್ತದೆ.

ರಾತ್ರಿ

ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ಕೂರಿ. ಟೆಂಟರ್‌ಫೀಲ್ಡ್ ಸೀಟಿ ಅಂತ ಒಂದಿದೆ: ತಗಡಿನ ತುಂಡು ಮಡಚಿ ತೂತು ಕೊರೆದದ್ದು, ತುಟಿಗಳ ನಡುವೆ ಇಟ್ಟು ಉಸಿರು ಎಳೆದರೆ ಮೊಲ ಪ್ರಾಣಸಂಕಟದಲ್ಲಿ ಕಿರುಚಿದಂತೆ ಸದ್ದು. ಮೊದಲ ದಿನ ನಾನು ಬಾರಿಸಿದಾಗ ಮನೆಯವಳು ಬಾಗಿಲು ಹಾಕಿಕೊಂಡಳು. ನರಿ ಮಾತ್ರ ಐದು ನಿಮಿಷಕ್ಕೆ ಬಂತು.

ಕಣ್ಣಿನ ಹೊಳಪಿಗೆ ಎಂದೂ ಗುಂಡು ಹಾರಿಸಬೇಡಿ. ನನ್ನ ಮೊದಲ ವರ್ಷ ಕೆಂಪು ಬೆಳಕಿನಲ್ಲಿ ಎರಡು ಕಣ್ಣು ಬೇಲಿಗುಂಟ ನುಸುಳುತ್ತಿದ್ದವು. ಬೆರಳು ಬಂದೂಕಿನ ಕುದುರೆಯ (ಟ್ರಿಗರ್) ಮೇಲಿತ್ತು. ತಿರುಗಿದಾಗ ಕತ್ತಿನಲ್ಲಿ ಪಟ್ಟಿ ಕಂಡಿತು: ಪಕ್ಕದವರ ಕೆಲ್ಪಿ ನಾಯಿ. ಥರ್ಮಲ್ ದುರ್ಬೀನಿನಲ್ಲಿ ಮೈಬಿಸಿ ಕಾಣುತ್ತದೆ, ಕತ್ತಿನ ಪಟ್ಟಿ ಕಾಣಲಿಕ್ಕಿಲ್ಲ, ಅಡ್ಡ ಬಂದ ತಂತಿಯೂ ಕಾಣಲಿಕ್ಕಿಲ್ಲ. ಇಡೀ ಮೈ, ಮೂತಿ, ಬಾಲ ಗೊತ್ತಾಗಬೇಕು. ಹಿಂದೆ ಮಣ್ಣಿನ ದಿಬ್ಬ ಇರಬೇಕು. ಪುಟ್ಟ .22 ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು, .223 ಅದಕ್ಕೂ ಎಷ್ಟೋ ಆಚೆಗೆ. ಏಣಿನ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ನರಿ ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ.

ಬಿದ್ದ ನರಿಯ ಬಳಿ ಹೋದಾಗ ಬರಿಗೈ ಹಾಕಬೇಡಿ, ಕಜ್ಜಿ ಇರುತ್ತದೆ. ಹೆಣ್ಣಾಗಿದ್ದರೆ ಹೊಟ್ಟೆ ಮೇಲೆ ಮಾಡಿ ಮೊಲೆತೊಟ್ಟು ನೋಡಿ. ಸುತ್ತಲಿನ ಕೂದಲು ಉದುರಿ, ಒತ್ತಿದರೆ ಹಾಲು ಬಂದರೆ ಎಲ್ಲೋ ಬಿಲದಲ್ಲಿ ಮರಿಗಳಿವೆ. ಅವು ಹಸಿದು ಸಾಯಲು ದಿನಗಳೇ ಹಿಡಿಯುತ್ತವೆ. ಬೆಳಕು ಹರಿದ ಮೇಲೆ ತೊರೆಯ ದಂಡೆ, ಬಿದ್ದ ಮರದ ಬುಡ, ಹಳೇ ಮೊಲದ ಬಿಲ, ಎಲ್ಲ ಹುಡುಕಬೇಕು. ಬಿಲದ ಬಾಯಲ್ಲಿ ಹೊಸ ಮಣ್ಣು, ಗರಿ, ಮೂಳೆ ಬಿದ್ದಿರುತ್ತವೆ. ಅನುಭವಿಗಳನ್ನು ಕರೆದುಕೊಂಡು ಹೋಗಿ ಆ ಕೆಲಸವನ್ನೂ ಅಂದೇ ಮುಗಿಸಿ. ಅದು ಕೈಲಾಗದು ಅನಿಸಿದರೆ ಆಗಸ್ಟ್ ಹಿಡಿದ ಮೇಲೆ ಕೋವಿ ಹಿಡಿಯಲೇಬೇಡಿ, ಮೇ–ಜೂನ್‌ನಲ್ಲೇ ಹೊರಡಿ.