ಕಾರಿನ ವಿದ್ಯುತ್ತಿನಿಂದ ಇನ್ವರ್ಟರ್ ಬ್ಯಾಟರಿ ತುಂಬಿಸುವ ಬಗೆ

ಆಟಿ ತಿಂಗಳ ಗಾಳಿಮಳೆಗೆ ಅಡಿಕೆ ಮರವೊಂದು ತಂತಿಯ ಮೇಲೆ ಬಿದ್ದರೆ ಕಾಸರಗೋಡಿನ ಬದಿಯಡ್ಕ, ಪೆರ್ಲದ ಒಳಭಾಗದ ಮನೆಗಳಿಗೆ ಕರೆಂಟು ಮರಳಲು ಒಮ್ಮೊಮ್ಮೆ ಎರಡು ದಿನ ಹಿಡಿಯುತ್ತದೆ. ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ ಇರುವುದೇ 1.8 ಯೂನಿಟ್, ಅಂಗಳದಲ್ಲಿ ನಿಂತಿರುವ 45 ಯೂನಿಟ್‌ನ ವಿದ್ಯುತ್ ಕಾರಿನಲ್ಲಾದರೋ ಅದರ 25 ಪಟ್ಟು ಇರುತ್ತದೆ.

ಕಾರಿಗೆ ವಿ2ಎಲ್ ಸೌಲಭ್ಯ, ಅಂದರೆ 230 ವೋಲ್ಟ್ ಹೊರಗೆ ಕೊಡುವ ವ್ಯವಸ್ಥೆ, ಇರಬೇಕು. ಟಾಟಾ ನೆಕ್ಸಾನ್ ಇವಿಯ 2023ರ ಮಾದರಿ 3.3 ಕೆವಿಎವರೆಗೆ ಕೊಡುತ್ತದೆ, ಹ್ಯುಂಡೈ ಅಯಾನಿಕ್ 5 ಕಾರು 3.6 ಕಿಲೋವಾಟ್‌ವರೆಗೆ. ಇನ್ವರ್ಟರಿನ ಪ್ಲಗ್ಗನ್ನು ಗೋಡೆಯಿಂದ ತೆಗೆದು ಕಾರಿನ ಅಡಾಪ್ಟರಿಗೆ ಸಿಕ್ಕಿಸಿದರೆ, ಕರೆಂಟು ಬಂತೆಂದೇ ಇನ್ವರ್ಟರ್ ತಿಳಿಯುತ್ತದೆ; ಒಳಗೆ ರಿಲೇ, ಅಂದರೆ ತಾನಾಗಿ ಬದಲಾಗುವ ಸ್ವಿಚ್, 'ಟಕ್' ಎಂದು ಬಡಿದು, ಮನೆಯ ದೀಪ ಫ್ಯಾನುಗಳು ಕಾರಿನಿಂದಲೇ ನಡೆಯುತ್ತಾ ಬ್ಯಾಟರಿಯೂ ತುಂಬತೊಡಗುತ್ತದೆ.

ಆದರೆ ಪ್ಲಗ್ ಬದಲಿಸುವ ಮೊದಲೇ ಮೇನ್ ಸ್ವಿಚ್ ಆರಿಸಬೇಕು, ಅದೂ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ಚನ್ನು. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರಿನ ನ್ಯೂಟ್ರಲ್ ಮನೆಯ ನ್ಯೂಟ್ರಲ್‌ಗೇ ಸೇರಿರುವುದರಿಂದ, ಫೇಸಿನ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಒಂದನ್ನೇ ಇಳಿಸಿದರೆ ಕಾರು ಹೊರಗಿನ ಲೈನಿನ ನ್ಯೂಟ್ರಲ್ ಜೊತೆ, ಅದರ ಮೂಲಕ ಭೂಮಿಯ ಜೊತೆ, ಕೂಡಿಕೊಂಡೇ ಇರುತ್ತದೆ. ನಮ್ಮ ಮನೆಯಲ್ಲಿ ಮೊದಲ ರಾತ್ರಿ ಕಾರು ಮತ್ತೆ ಮತ್ತೆ ಸರಬರಾಜು ನಿಲ್ಲಿಸಿದ್ದಕ್ಕೆ ಇದೇ ಕಾರಣವಾಗಿತ್ತು. ಎಲೆಕ್ಟ್ರಿಷಿಯನ್ನರಿಂದ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್, ಅಂದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಲೈನಿನಿಂದ ಕಾರಿಗೆ ಬದಲಿಸುವ ಸ್ವಿಚ್, ಹಾಕಿಸಿಕೊಂಡು, ಅರ್ತಿಂಗ್ ಮತ್ತು ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿಗಳನ್ನೂ ಅವರಿಂದಲೇ ಪರೀಕ್ಷಿಸಿಕೊಳ್ಳುವುದು ಉತ್ತಮ. ಎರಡೂ ತುದಿಗೆ ಪಿನ್ನಿರುವ ವಯರಿನಿಂದ ಗೋಡೆಯ ಸಾಕೆಟ್ಟಿಗೆ ಕಾರಿನ ಕರೆಂಟು ಕೊಡುವುದನ್ನು ಯಾರು ಹೇಳಿದರೂ ಮಾಡಬಾರದು: ಆ ಕರೆಂಟು ಹೊರಗಿನ ಲೈನಿಗೂ ಹರಿಯಬಹುದು, ಕಂಬ ಹತ್ತಿ ನಮಗಾಗಿಯೇ ದುಡಿಯುತ್ತಿರುವ ಲೈನ್‌ಮ್ಯಾನ್‌ನ ಜೀವಕ್ಕೆ ಅದು ಅಪಾಯ.

ವಯರು 2.5 ಚದರ ಮಿಲಿಮೀಟರಿನ ತಾಮ್ರದ ಮೂರೆಳೆಯದಾಗಿರಲಿ. ಅದನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ ಹಾಸಬೇಕು, ಜೋಡಣೆಯ ಜಾಗಕ್ಕೆ ಇರಿಚಲು ಬಡಿಯಬಾರದು.

15 ಆಂಪಿಯರಿನಲ್ಲಿ ತುಂಬುವ ಇನ್ವರ್ಟರ್ ಎಳೆಯುವುದು ಸುಮಾರು 250 ವಾಟ್ ಮಾತ್ರ, ಬರಿದಾದ ಬ್ಯಾಟರಿ ತುಂಬಲು ಹತ್ತು ಗಂಟೆಗೂ ಹೆಚ್ಚು ಬೇಕು. ಅಷ್ಟು ಹೊತ್ತೂ ಕಾರು ತಾನೂ ಎಚ್ಚರವಾಗಿದ್ದು ಸ್ವಲ್ಪ ವಿದ್ಯುತ್ತನ್ನು ತಿನ್ನುವುದರಿಂದ, ಸಂಜೆ ಫ್ರಿಜ್ಜು, ದೀಪ, ಫ್ಯಾನು ಎಲ್ಲವೂ ನಡೆಯುವ ನಾಲ್ಕೈದು ಗಂಟೆ ಕಾರನ್ನು ಜೋಡಿಸಿ, ಮಲಗುವಾಗ ಬಿಡಿಸಿ, ರಾತ್ರಿಯನ್ನು ಬ್ಯಾಟರಿಗೆ ಬಿಡುವುದು ಲಾಭಕರ. ಐದು ಯೂನಿಟ್ ತೆಗೆದರೂ ಕಡಿಮೆಯಾಗುವುದು ಮೂವತ್ತು, ಮೂವತ್ತೈದು ಕಿಲೋಮೀಟರಿನ ಓಟ; ಆದರೂ ರಾತ್ರಿ ಆಸ್ಪತ್ರೆಗೆ, ಬೇಕಾದರೆ ಮಂಗಳೂರಿಗೇ, ಹೋಗಿಬರುವಷ್ಟು ಚಾರ್ಜನ್ನು ಉಳಿಸುವಂತೆ ಕಾರಿನಲ್ಲಿ ಮಿತಿ ಹಾಕಿಡಬೇಕು. ಬಾವಿಯ ಪಂಪನ್ನು ಈ ವ್ಯವಸ್ಥೆಗೆ ಸೇರಿಸಬೇಡಿ. ಹೊರಡುವಾಗ ಅದು ಎಳೆಯುವ ಕರೆಂಟು ಹಲವು ಪಟ್ಟು.

ಮೇನ್ ಆರಿಸಿದ್ದರೂ ಮೀಟರಿನ ದೀಪ ಉರಿದರೆ ಕರೆಂಟು ಮರಳಿದೆ ಎಂದರ್ಥ. ಆಗ ಮೊದಲು ಕಾರಿನಲ್ಲಿ ವಿ2ಎಲ್ ನಿಲ್ಲಿಸಿ, ಪ್ಲಗ್ಗನ್ನು ಗೋಡೆಗೆ ಮರಳಿಸಿ, ಕೊನೆಯಲ್ಲಿ ಮೇನ್ ಹಾಕಬೇಕು.