ಸುಣ್ಣ ಕಟ್ಟಿದ ಪಾತ್ರೆಗೆ ನಿಂಬೆ, ಹಿತ್ತಾಳೆಗೆ ಹುಣಸೆ

ನಮ್ಮ ಕೋಲಾರದ ಕಡೆ ಬೋರ್‌ವೆಲ್ ನೀರು ಬಲು ಗಡಸು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲವೆಂದರೆ 600ರವರೆಗೆ ಒಪ್ಪಬಹುದು. ಅಂಥ ನೀರನ್ನು ದಿನಾ ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟದೆ ಇರುತ್ತದೆಯೇ? ಕಾದಾಗ ನೀರಲ್ಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿ ಕೂರುತ್ತದೆ. ತಂತಿ ನಾರಿನಲ್ಲಿ ಉಜ್ಜಿ ರಟ್ಟೆ ನೋಯಿಸಿಕೊಳ್ಳಬೇಡಿ.

ನಾನು ವರ್ಷಗಟ್ಟಲೆ ಇದಕ್ಕೆ ಹುಣಸೆಹಣ್ಣು ಹಾಕುತ್ತಿದ್ದೆ. ಬುರುಬುರು ಗುಳ್ಳೆ ಎದ್ದು ಸುಣ್ಣ ಬಿಟ್ಟ ಹಾಗೆ ಕಾಣುತ್ತದೆ, ತೊಳೆದು ಒಣಗಿದ ಮೇಲೆ ನೋಡಿದರೆ ಮತ್ತೆ ತೆಳ್ಳಗೆ ಬಿಳಿ ಪುಡಿ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದರೆ ಆಗುವ ಲವಣವೂ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ. ನಿಂಬೆಯ ಸಿಟ್ರಿಕ್ ಆಮ್ಲ ಹಾಗಲ್ಲ, ಕ್ಯಾಲ್ಸಿಯಂ ಅನ್ನು ತಬ್ಬಿ ಹಿಡಿದು ನೀರಿನಲ್ಲೇ ಉಳಿಸಿಕೊಳ್ಳುತ್ತದೆ. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಇದೇ ಸಿಟ್ರಿಕ್ ಆಮ್ಲದ ಹರಳು, ಎರಡು ಚಮಚ ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಹಾಕಿ, ಪಾತ್ರೆಯಲ್ಲಿ ಒಂದು ಗಂಟೆ ಬಿಡಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಬೇಗ ಆಗಲಿ ಅಂತ ಕುದಿಸಲು ಹೋಗಬೇಡಿ. ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವ ಜಾತಿ, ಬೆಳ್ಳಗೆ ಮತ್ತೆ ತಳ ಹಿಡಿಯುತ್ತದೆ. ಸುಣ್ಣ ದಪ್ಪವಿದ್ದರೆ ನೀರು ಬದಲಿಸಿ ಇನ್ನೊಮ್ಮೆ ಮಾಡಿ.

ಹುಣಸೆಯನ್ನು ಹಿತ್ತಾಳೆ, ತಾಮ್ರಕ್ಕೇ ಇಟ್ಟುಕೊಳ್ಳಿ, ಅಲ್ಲಿ ಅದಕ್ಕೆ ಸರಿಸಾಟಿಯಿಲ್ಲ. ಜೊತೆಗೆ ಒಂದು ಹಿಡಿ ಕಲ್ಲುಪ್ಪು ಬೇಕೇ ಬೇಕು. ಹುಳಿ ಕಿಲುಬನ್ನು ಬಿಡಿಸಿದರೆ, ಉಪ್ಪಿನ ಕ್ಲೋರೈಡ್ ಬಿಟ್ಟುಬಂದ ತಾಮ್ರವನ್ನು ಹಿಡಿದು ಕರಗಿಸಿಕೊಳ್ಳುತ್ತದೆ. ಉಜ್ಜಿದ ಹುಣಸೆ ಸಿಪ್ಪೆ ಹಸಿರಾಗುವುದು ಅದಕ್ಕೇ. ತೊಳೆದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಸಂಜೆಗೇ ಕಪ್ಪು ಕಲೆ.

ಬಟ್ಟೆ ಒಗೆಯುವಾಗ ಸೋಪು ಮೊಸರಿನಂತೆ ಒಡೆಯುವುದೂ ಕ್ಯಾಲ್ಸಿಯಂನಿಂದಲೇ. ಸೋಪು ಹಾಕುವ ಮೊದಲೇ ಒಂದು ಬಕೆಟ್ ನೀರಿಗೆ ಒಂದು ಚಮಚ ಒಗೆಯುವ ಸೋಡಾ ಕದಡಿ ಅರ್ಧ ಗಂಟೆ ಬಿಡಿ. ಸೋಡಾದ ಕಾರ್ಬೊನೇಟ್ ನೀರಲ್ಲಿ ತುಂಬಿಕೊಂಡಾಗ ಕ್ಯಾಲ್ಸಿಯಂ ಕರಗಿರಲಾರದೆ ತಳ ಸೇರುತ್ತದೆ, ಮೇಲಿನ ತಿಳಿನೀರಲ್ಲಿ ನೊರೆ ಚೆನ್ನಾಗಿ ಬರುತ್ತದೆ. ಅಲ್ಯೂಮಿನಿಯಂ ಬಕೆಟ್ ಬೇಡ, ಸೋಡಾ ಅದನ್ನು ತಿನ್ನುತ್ತದೆ. ರೇಷ್ಮೆ ಸೀರೆಗಂತೂ ಸೋಡಾ ತಾಗಿಸಲೇಬೇಡಿ, ಅದಕ್ಕೆ ಮಳೆನೀರು ಹಿಡಿದಿಟ್ಟುಕೊಳ್ಳಿ.