ಬಿಪಿ, ಬೋರ್ಡು ಮತ್ತು ಹಳೇ ಟ್ರಂಕು

ಸೇನೆಯ ಆರ್ಟಿಲರಿಯಲ್ಲಿ (ತೋಪಿನ ದಳ) 22 ವರ್ಷ ಇದ್ದು ಹವಾಲ್ದಾರ್ ಆಗಿ ನಿವೃತ್ತನಾದೆ. ಹೊರಡುವಾಗ ಮೆಡಿಕಲ್ ಬೋರ್ಡ್ ನನ್ನ ಬಿಪಿಗೆ 30% ಅಂಗವೈಕಲ್ಯ, ಜೀವನಪೂರ್ತಿ ಎಂದು ಬರೆಯಿತು. ಅದೇ ಹಾಳೆಯಲ್ಲಿ ಎರಡು ಪ್ರಶ್ನೆ: ಕಾಯಿಲೆ ಸೇವೆಯಿಂದ ಬಂತಾ? ಸೇವೆಯಿಂದ ಜಾಸ್ತಿಯಾಯ್ತಾ? ಎರಡರ ಮುಂದೆಯೂ 'ನೋ'. ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಗಡಿಯ ಕಷ್ಟವಿಲ್ಲದ ಶಾಂತ ಜಾಗದಲ್ಲಿ, ಇದ್ದಾಗ ಶುರುವಾಯಿತು ಅನ್ನೋದೇ ಕಾರಣ. ಫೌಜಿಗಳು ಇದನ್ನು 'ನಾನಾ' (NANA: Neither Attributable Nor Aggravated, ಸೇವೆಯಿಂದ ಬಂದದ್ದೂ ಅಲ್ಲ, ಜಾಸ್ತಿಯಾದದ್ದೂ ಅಲ್ಲ) ಅಂತೀವಿ. ಆ ಎರಡು 'ನೋ'ಗಳಿಂದ ಡಿಸೆಬಿಲಿಟಿ ಪೆನ್ಷನ್ ತಪ್ಪಿತು.

ಮೊದಲ ಅಪೀಲಿನಲ್ಲಿ ಬರೀ ಕಷ್ಟ ತೋಡಿಕೊಂಡೆ. ತಲೆನೋವು, ಮಾತ್ರೆ ಖರ್ಚು, ಮಕ್ಕಳ ಓದು. ತಿರಸ್ಕಾರವಾಯಿತು. ಬೇಜಾರಾಗಿ ನಾಲ್ಕು ವರ್ಷ ಸುಮ್ನೆ ಕೂತೆ.

ನಮ್ಮೂರಿನ ನಿವೃತ್ತ ಸುಬೇದಾರ್ ಸಾಹೇಬರು ನನ್ನ ಅರ್ಜಿ ಓದಿ, "ಕಷ್ಟ ಎಲ್ಲರಿಗೂ ಇದೆಯಪ್ಪಾ, ಕಾಗದ ಎಲ್ಲಿ?" ಅಂದರು. ಆರ್‌ಟಿಐ ಹಾಕಿ ಬೋರ್ಡಿನ ಪೂರ್ತಿ ಪ್ರತಿ, ಭರ್ತಿ ಸಮಯದ ಮೆಡಿಕಲ್ ಎರಡನ್ನೂ ತರಿಸಿದೆ. ಭರ್ತಿಯಲ್ಲಿ ಯಾವ ಕಾಯಿಲೆಯೂ ಬರೆದಿರಲಿಲ್ಲ. ಆಮೇಲೆ ಅಟ್ಟದಿಂದ ಕಪ್ಪು ಟ್ರಂಕ್ ಇಳಿಸಿದೆ. ತಳದಲ್ಲಿ, ಮಡಿಕೆಯಲ್ಲೇ ಹರಿದ ಒಂದು ಮೂವ್‌ಮೆಂಟ್ ಆರ್ಡರ್ (ಒಂದು ಜಾಗದಿಂದ ಇನ್ನೊಂದಕ್ಕೆ ಕಳಿಸುವ ಆದೇಶ) ಸಿಕ್ಕಿತು. ಅದರ ತಾರೀಖು ನೋಡಿ ಕೈ ನಡುಗಿತು. ಲಡಾಖ್‌ನಿಂದ ಇಳಿದು ಎರಡೇ ತಿಂಗಳಿಗೆ ನನ್ನ ಬಿಪಿ ಪತ್ತೆಯಾಗಿತ್ತು! 'ಪೀಸ್ ಸ್ಟೇಷನ್' ಅನ್ನೋ ಮಾತಿಗೆ ಇದೇ ಉತ್ತರ ಅಲ್ವಾ?

ಎರಡನೇ ಅಪೀಲೂ ಬಿದ್ದುಹೋಯಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದೆ. ಕರ್ನಾಟಕದವರಿಗೆ ಕೊಚ್ಚಿ ಪೀಠ. ಸುಪ್ರೀಂ ಕೋರ್ಟಿನ 2013ರ ಧರ್ಮವೀರ್ ಸಿಂಗ್ ತೀರ್ಪು ಕೈಹಿಡಿಯಿತು. ಭರ್ತಿಯಾಗುವಾಗ ಇಲ್ಲದ ಕಾಯಿಲೆ ಆಮೇಲೆ ಬಂದರೆ ಅದು ಸೇವೆಯಿಂದಲೇ ಎಂದು ಭಾವಿಸಬೇಕು, ಅಲ್ಲ ಅನ್ನುವವರೇ ಕಾರಣ ಕೊಡಬೇಕು ಅನ್ನುತ್ತದೆ ಅದು. (2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ನಿವೃತ್ತರಾದವರು ಅದನ್ನು ಓದಲೇಬೇಕು.)

ತೀರ್ಪು ನನ್ನ ಪರ ಬಂತು. 2014ರ ರಾಮ್ ಅವತಾರ್ ತೀರ್ಪಿನಂತೆ 30% ಅನ್ನು 50% ಎಂದು ಲೆಕ್ಕ ಹಿಡಿದರು. ಪೂರ್ತಿ 100%ಗೆ ಕೊನೆಯ ಸಂಬಳದ 30% ಕೊಡುತ್ತಾರೆ. ಹಾಗಾಗಿ ನನಗೆ 15%. ಆದರೆ ಹಿಂದಿನ ಬಾಕಿ 3 ವರ್ಷದ್ದು ಮಾತ್ರ ಸಿಕ್ಕಿತು. ಸುಮ್ನೆ ಕೂತ ವರ್ಷಗಳ ದುಡ್ಡು ಹೋಯಿತು. ಆ ನೋವು ಇನ್ನೂ ಇದೆ.

ಮೊನ್ನೆ ಪಕ್ಕದೂರಿನ ಹುಡುಗನೊಬ್ಬ ಬಂದಿದ್ದ. ತೋಪಿನ ಸದ್ದಿಗೆ ಅವನ ಎಡಗಿವಿ ಮಂದವಾಗಿದೆ. "ಅಣ್ಣಾ, ಅಪೀಲಿಗೆ ಏನು ಬರೀಲಿ?" ಅಂದ. ತಿರಸ್ಕಾರದ ಪತ್ರದ ತಾರೀಖು ನೋಡಿದೆ. ಆರು ತಿಂಗಳ ಗಡುವಿನಲ್ಲಿ ಇನ್ನೂ ಎರಡು ತಿಂಗಳಿದೆ. ಭಾನುವಾರ ಅವನ ಮನೆಗೆ ಹೋಗಿ ಟ್ರಂಕ್ ತೆಗೆಸುತ್ತೇನೆ.